ಈ ವಯಸ್ಸಿನಲ್ಲಿ ಕತ್ತಿ ಹಿಡಿಯಬಹುದೇ?

ಪ್ರಶ್ನೆ: ನನಗೀಗ 42 ವರ್ಷ. ಕತ್ತಿವರಸೆ ಎಂದರೆ ಚಿಕ್ಕಂದಿನಿಂದಲೂ ಹುಚ್ಚು. ಅಣ್ಣಾವ್ರ ‘ಮಯೂರ’ ಟಿವಿಯಲ್ಲಿ ಬಂದರೆ ಇವತ್ತಿಗೂ ಎದ್ದು ಹೋಗುವುದಿಲ್ಲ. ಮಗಳು ಈಜು ಕಲಿಯುವ ಜಾಗದ ಪಕ್ಕದಲ್ಲೇ ಫೆನ್ಸಿಂಗ್ ಹೇಳಿಕೊಡುತ್ತಾರೆ. ಸೇರಿಕೊಳ್ಳುವ ಆಸೆಯಿದೆ, ಆದರೆ ಅಲ್ಲಿರುವವರೆಲ್ಲ ಹೈಸ್ಕೂಲು ಮಕ್ಕಳು. ಈ ವಯಸ್ಸಿನಲ್ಲಿ ಶುರು ಮಾಡಿದರೆ ಸಂತೋಷ ಸಿಗುತ್ತದೆಯೇ? ಸಿನಿಮಾದಲ್ಲಿ ಕಂಡು ಮೆಚ್ಚಿದ ಕತ್ತಿಕಾಳಗಕ್ಕೂ ಇದಕ್ಕೂ ಏನಾದರೂ ಸಂಬಂಧ ಉಂಟೇ? ಒಲಿಂಪಿಕ್ಸ್‌ನಲ್ಲಿ ನೋಡಿದರೆ ದೀಪ ಹೊತ್ತಿಕೊಳ್ಳುವುದು ಬಿಟ್ಟು ಬೇರೇನೂ ತಿಳಿಯುವುದಿಲ್ಲ. ಅಂದಹಾಗೆ, ನಾನು ಎಡಚ.
– ಒಬ್ಬ ಓದುಗ, ಬೆಂಗಳೂರು

ಉತ್ತರ: ಸೇರಿಕೊಳ್ಳಿ. ಮುಂದಿನ ತಿಂಗಳು, ಮಗಳ ಪರೀಕ್ಷೆ ಮುಗಿದ ಮೇಲೆ ಎಂದೆಲ್ಲ ಮುಂದೂಡಬೇಡಿ. ನಾನೂ ಕೂದಲು ನರೆಯಲು ಶುರುವಾದ ಮೇಲೆ ಈ ಆಟಕ್ಕೆ ಬಂದವನು. ಅದರಿಂದ ಸಿಕ್ಕ ಸಂತೋಷದ ಮೇಲೆ ನಂಬಿಕೆಯಿಟ್ಟೇ ಹೇಳುತ್ತಿದ್ದೇನೆ.

ವಯಸ್ಸಿನ ವಿಷಯ ಮೊದಲು ಮುಗಿಸಿಬಿಡೋಣ. ಫೆನ್ಸಿಂಗ್‌ನ ಮೂರು ಆಯುಧಗಳಲ್ಲಿ ಸೇಬರ್ ಒಂದು. ಹಂಗೆರಿಯ ಅಲಾದಾರ್ ಗೆರೆವಿಚ್ 1932ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಸೇಬರ್ ತಂಡದ ಜೊತೆ ಚಿನ್ನ ಗೆದ್ದರು. ಅದೇ ತಂಡಸ್ಪರ್ಧೆಯಲ್ಲಿ 1960ರ ರೋಮ್‌ನಲ್ಲೂ ಚಿನ್ನ ಗೆದ್ದರು. ಆಗ ಅವರಿಗೆ 50 ವರ್ಷ. ಡೆನ್ಮಾರ್ಕಿನ ವೈದ್ಯ ಇವಾನ್ ಓಸಿಯರ್ 1908ರಲ್ಲಿ ಮೊದಲ ಒಲಿಂಪಿಕ್ಸ್ ಆಡಿ, 1948ರಲ್ಲಿ ಕೊನೆಯದನ್ನು ಆಡುವಾಗ 59ರಲ್ಲಿದ್ದರು. ಇವರೆಲ್ಲ ಎಳವೆಯಿಂದಲೇ ಆಡಿದವರು, ನಿಮಗೂ ಅವರಿಗೂ ಹೋಲಿಕೆ ಸಲ್ಲದು ನಿಜ. ಆದರೆ ವೇಗ ತಗ್ಗಿದ ಮೇಲೂ ಗೆಲ್ಲಿಸುವ ಏನೋ ಒಂದು ಈ ಆಟದಲ್ಲಿ ಉಳಿದಿರುತ್ತದೆ ಎಂಬುದಕ್ಕೆ ಅವರು ಸಾಕ್ಷಿ. ಇವತ್ತು ಹಿರಿಯರಿಗೆಂದೇ ವಿಶ್ವ ಚಾಂಪಿಯನ್‌ಶಿಪ್ ಇದೆ. ವಯಸ್ಸಿಗೆ ತಕ್ಕಂತೆ ಗುಂಪು ಮಾಡಿ, 70 ದಾಟಿದವರನ್ನೂ ಆಡಿಸುತ್ತಾರೆ. ಆ ಲೆಕ್ಕದಲ್ಲಿ ನೀವಿನ್ನೂ ಚಿಕ್ಕವರು.

ಇನ್ನು ಸಿನಿಮಾದ ಮಾತು. 1975ರ ‘ಮಯೂರ’ವನ್ನೇ ತೆಗೆದುಕೊಳ್ಳಿ. ರಾಜ್‌ಕುಮಾರ್ ಕತ್ತಿ ಬೀಸಿದಾಗ ನಮ್ಮ ಮೈ ಜುಮ್ಮೆನ್ನುವುದು ಆ ಬೀಸು ನಮಗೆ ಪೂರ್ತಿ ಕಾಣುವುದರಿಂದ. ತೋಳು ಹಿಂದೆ ಹೋಗಿ, ಮೇಲೆದ್ದು, ಕೆಳಗಿಳಿಯುವಷ್ಟರಲ್ಲಿ ಎದುರಾಳಿಯ ಕತ್ತಿ ಅಡ್ಡ ಬಂದು ಖಣ್ ಎನ್ನುತ್ತದೆ. ಇಬ್ಬರೂ ಮೊದಲೇ ಮಾತಾಡಿಕೊಂಡಿರುತ್ತಾರೆ. ಹೊಡೆತ ಬೀಳುವುದೂ ಕತ್ತಿಯ ಮೇಲೆಯೇ, ಮೈಮೇಲಲ್ಲ. ಪ್ರೇಕ್ಷಕನಿಗೆ ಕಾಣಬೇಕು, ನಟನಿಗೆ ಪೆಟ್ಟಾಗಬಾರದು ಎಂಬ ಎರಡು ಕಟ್ಟುಪಾಡಿನೊಳಗೆ ಅರಳಿದ ಕಲೆ ಅದು. ಹಾಲಿವುಡ್‌ನಲ್ಲಿ ಈ ಕಲೆಯ ದೊಡ್ಡ ಗುರು ಬಾಬ್ ಆಂಡರ್‌ಸನ್ 1952ರ ಹೆಲ್ಸಿಂಕಿ ಒಲಿಂಪಿಕ್ಸ್‌ನಲ್ಲಿ ಬ್ರಿಟನ್ ಪರ ಸೇಬರ್ ಆಡಿದ್ದವರು. ‘ದ ಪ್ರಿನ್ಸೆಸ್ ಬ್ರೈಡ್’ ಚಿತ್ರದ ಬಂಡೆಯ ಮೇಲಿನ ಕಾಳಗ ಕಟ್ಟುವುದರಲ್ಲಿ ಅವರ ಕೈಯಿತ್ತು. ‘ಸ್ಟಾರ್ ವಾರ್ಸ್’ ಸರಣಿಯ ಎರಡು ಚಿತ್ರಗಳಲ್ಲಿ ಡಾರ್ತ್ ವೇಡರನ ಮೊಗವಾಡದ ಹಿಂದೆ ನಿಂತು ಕತ್ತಿ ಆಡಿಸಿದವರೂ ಅವರೇ. ಎಂದರೆ ನೀವು ಮೆಚ್ಚಿದ ಕಾಳಗಕ್ಕೂ ಈ ಆಟಕ್ಕೂ ನಂಟು ನಿಜವಾಗಿ ಇದೆ.

ಆದರೆ ಆಟದಲ್ಲಿ ಎಲ್ಲವೂ ಮುಚ್ಚಿಟ್ಟುಕೊಳ್ಳುವ ವ್ಯವಹಾರ. ಸಿನಿಮಾದಲ್ಲಿ ಕಾಣಲೆಂದೇ ದೊಡ್ಡದು ಮಾಡಿದ್ದು ಇಲ್ಲಿ ಕಾಣದಿರಲೆಂದು ಬೆರಳಿನಷ್ಟು ಚಿಕ್ಕದಾಗುತ್ತದೆ. ಮೊದಲ ವಾರ ತಾಲೀಮು ನೋಡಿದ ಸಿನಿಮಾಪ್ರೇಮಿಗೆ ನಿರಾಸೆಯಾಗುವುದು ಇಲ್ಲಿಯೇ. ಅವಸರದಲ್ಲಿ ಬಿಟ್ಟು ಬಂದರೆ ಸೊಗಸು ಕೈತಪ್ಪುತ್ತದೆ.

ಒಂದೇ ಒಂದು ಪಟ್ಟು ವಿವರಿಸುತ್ತೇನೆ, ಮನೆಯಲ್ಲಿ ಸ್ಕೇಲು ಹಿಡಿದು ಮಾಡಿ ನೋಡಿ. ಇಬ್ಬರು ಎದುರುಬದುರು ನಿಂತಿದ್ದೀರಿ, ಕತ್ತಿಯ ಮೊನೆಗಳು ಒಂದನ್ನೊಂದು ಹೆಚ್ಚುಕಡಿಮೆ ಸೋಕುತ್ತಿವೆ. ನೀವು ತೋಳು ನೀಡಿ ಎದುರಾಳಿಯ ಎದೆಗೆ ಗುರಿಯಿಟ್ಟಿರಿ. ಅವರು ನಿಮ್ಮ ಅಲಗನ್ನು ಪಕ್ಕಕ್ಕೆ ತಳ್ಳಲು ತಮ್ಮ ಅಲಗನ್ನು ಅಡ್ಡ ತಂದರು. ಈ ತಡೆಗೆ ಪ್ಯಾರಿ ಎನ್ನುತ್ತಾರೆ. ಅಲಗು ಅಲಗನ್ನು ಮುಟ್ಟುವ ಮೊದಲೇ ನೀವು ಹೆಬ್ಬೆರಳು, ತೋರುಬೆರಳನ್ನು ತುಸುವೇ ಹೊರಳಿಸಿದಿರಿ. ನಿಮ್ಮ ಮೊನೆ ಎದುರಾಳಿಯ ಕೈಕಾಪಿನ ಬಟ್ಟಲಿನ ಕೆಳಗಿಂದ ಪುಟ್ಟ ಅರ್ಧಚಂದ್ರ ಬರೆದು ಇನ್ನೊಂದು ಬದಿಯಲ್ಲಿ ಮೇಲೆದ್ದಿತು. ಅವರ ಅಲಗು ಬಯಲನ್ನು ತಡೆಯಿತು, ನಿಮ್ಮ ಮೊನೆ ಎದೆಗೆ ತಾಗಿತು. ತೋಳು ಅಲುಗಿಲ್ಲ, ಮಣಿಕಟ್ಟೂ ತಿರುಗಿಲ್ಲ, ಕೆಲಸ ಮಾಡಿದ್ದು ಎರಡು ಬೆರಳು. ಇದಕ್ಕೆ ಡಿಸೆಂಗೇಜ್ ಎಂದು ಹೆಸರು. ಹಾಗಾದರೆ ಮೊದಲ ಚಾಚು ಏಕೆ? ಎದುರಾಳಿ ಅದನ್ನು ನಂಬಿ ತಡೆಯಲು ಬರಲಿ ಎಂದು. ಅವರೂ ಕಲಿತವರಾಗಿದ್ದರೆ ನಂಬಿದಂತೆ ನಟಿಸಿ, ನಿಮ್ಮ ಅರ್ಧಚಂದ್ರ ಮುಗಿಯುವ ಜಾಗದಲ್ಲಿ ಕಾಯುತ್ತಿರುತ್ತಾರೆ. ಇಷ್ಟೂ ಒಂದು ಸೆಕೆಂಡಿನೊಳಗೆ ನಡೆದುಹೋಗುತ್ತದೆ. ಇನ್ನೊಬ್ಬರು ಏನು ಎಣಿಸುತ್ತಿದ್ದಾರೆಂದು ಎಣಿಸಿ, ಆ ಎಣಿಕೆ ಸರಿಯಾಗಿ, ಬೆರಳು ಅದಕ್ಕೆ ತಕ್ಕಂತೆ ಓಡಿದ ಆ ಒಂದು ಗಳಿಗೆಗೆ ನಾನು ಎಷ್ಟೋ ಸಂಜೆಗಳನ್ನು ಕೊಟ್ಟಿದ್ದೇನೆ, ಇನ್ನೂ ಕೊಡುತ್ತೇನೆ. ಈ ಸಂತೋಷಕ್ಕೆ 14 ವರ್ಷದ ಮೊಣಕಾಲು ಬೇಕಿಲ್ಲ. ಮನುಷ್ಯರನ್ನು ನೋಡಿ ಬಲ್ಲ ಕಣ್ಣು ಬೇಕು. 42ರಲ್ಲಿ ಅದು ನಿಮಗಿದ್ದೇ ಇರುತ್ತದೆ.

ಆದರೆ ಆ ಗಳಿಗೆಗೆ ಮೊದಲು ಕಾಲಿನ ಪಾಠವಿದೆ, ಅದು ಉದ್ದದ ಪಾಠ. ಮೊದಲ ಕೆಲವು ವಾರ ಕೋಚ್ ನಿಮ್ಮ ಕೈಗೆ ಕತ್ತಿ ಕೊಡದೆಯೂ ಇರಬಹುದು. ಮುಂಗಾಲಿನ ಪಾದ ಎದುರಾಳಿಯತ್ತ, ಹಿಂಗಾಲಿನದು ಅದಕ್ಕೆ ಅಡ್ಡವಾಗಿ, ಎರಡೂ ಮೊಣಕಾಲು ಬಾಗಿಸಿ, ಬೆನ್ನು ನೆಟ್ಟಗೆ. ಈ ನಿಲುವಿಗೆ ಆನ್ ಗಾರ್ಡ್ ಎನ್ನುತ್ತಾರೆ. ಹಾಗೆಯೇ ಬಾಗಿಕೊಂಡು ಮುಂದೆ, ಹಿಂದೆ, ಮುಂದೆ. ಒಂದು ಪಾದ ಇನ್ನೊಂದನ್ನು ದಾಟಬಾರದು, ತಲೆ ಕುಪ್ಪಳಿಸಬಾರದು. ಆಮೇಲೆ ಲಂಜ್. ಮೊದಲು ತೋಳು ನೀಳವಾಗಬೇಕು, ಅದರ ಬೆನ್ನಿಗೆ ಮುಂಗಾಲು ಚಿಮ್ಮಿ ಹಿಮ್ಮಡಿಯ ಮೇಲೆ ಇಳಿಯಬೇಕು, ಹಿಂಗಾಲು ನೆಟ್ಟಗಾಗಬೇಕು. ಮುಂದಿನ ಮೊಣಕಾಲು ಪಾದದ ನೇರಕ್ಕೇ ಇರಲಿ. ಒಳಕ್ಕೆ ವಾಲಿದರೂ ಬೆರಳುಗಳನ್ನು ದಾಟಿ ಹೋದರೂ ನಮ್ಮ ವಯಸ್ಸಿನವರಿಗೆ ನೋವು ಶುರುವಾಗುವುದು ಅಲ್ಲಿಂದಲೇ. ಮೊದಲ ದಿನಗಳಲ್ಲಿ ತೊಡೆ ಹಿಡಿದುಕೊಂಡು ಮೆಟ್ಟಿಲು ಇಳಿಯುವುದು ಕಷ್ಟವಾಗುತ್ತದೆ. ಅದು ವಾರದಲ್ಲಿ ಹೋಗುತ್ತದೆ. ಮೀನಖಂಡ ಮತ್ತು ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ಮಾತ್ರ ನಿಮ್ಮ ನಿಜವಾದ ಕಾಳಜಿಯಾಗಿರಲಿ. ಮಕ್ಕಳು ಬಂದ ಕೂಡಲೇ ಓಡಾಡಲಿ, ನೀವು ಮಾತ್ರ ಹತ್ತು ಹದಿನೈದು ನಿಮಿಷ ಮೈ ಬಿಸಿ ಮಾಡಿಕೊಳ್ಳದೆ ಲಂಜ್ ಮಾಡಬೇಡಿ. ಈ ಆಟ ಮೈಯ ಒಂದೇ ಮಗ್ಗುಲನ್ನು ದುಡಿಸುತ್ತದೆ. ಮನೆಯಲ್ಲಿ ಇನ್ನೊಂದು ಮಗ್ಗುಲಿಗೂ ಅಷ್ಟೇ ವ್ಯಾಯಾಮ ಕೊಡಿ.

ಈ ಕಾಲಿನ ಪಾಠವೆಲ್ಲ ಅಂತರ ಕಾಯುವುದಕ್ಕಾಗಿ. ನನ್ನ ಮೊನೆ ನಿಮ್ಮನ್ನು ಮುಟ್ಟಲಾರದು, ಆದರೆ ಅರ್ಧ ಹೆಜ್ಜೆ ಇಟ್ಟರೆ ಮುಟ್ಟುತ್ತದೆ ಎಂಬಷ್ಟು ದೂರದಲ್ಲಿ ನಿಲ್ಲುವುದು, ನೀವು ಸರಿದಂತೆ ಸರಿಯುವುದು, ನಿಮಗೆ ಗೊತ್ತಾಗದಂತೆ ಆ ಅರ್ಧ ಹೆಜ್ಜೆ ಕದಿಯುವುದು. ಅಂಕಣ 14 ಮೀಟರ್ ಉದ್ದ, ಹೆಚ್ಚೆಂದರೆ ಎರಡು ಮೀಟರ್ ಅಗಲ. ಪಕ್ಕಕ್ಕೆ ತಪ್ಪಿಸಿಕೊಳ್ಳಲು ಜಾಗವಿಲ್ಲದ್ದರಿಂದ ಆಟವೆಲ್ಲ ಈ ಮುಂದೆ ಹಿಂದೆಯಲ್ಲೇ ನಡೆಯಬೇಕು.

ನಿಮ್ಮ ದೀಪದ ಪ್ರಶ್ನೆಗೆ ಬರುತ್ತೇನೆ. ಅದಕ್ಕೆ ಮೂರು ಆಯುಧಗಳ ಪರಿಚಯ ಬೇಕು.

ಫಾಯಿಲ್ ತೆಳು, ಹಗುರ, ತೂಕ 500 ಗ್ರಾಂ ಮೀರುವಂತಿಲ್ಲ. ಮೊನೆಯಿಂದ ಚುಚ್ಚಿದರೆ ಮಾತ್ರ ಲೆಕ್ಕ, ಅದೂ ಮುಂಡಕ್ಕೆ. ತಲೆ, ತೋಳು, ಕಾಲು ಹೊರಗೆ. ಎಪೀ ಇದರ ಅಣ್ಣ, 770 ಗ್ರಾಂವರೆಗೆ ತೂಗುತ್ತದೆ. ಚುಚ್ಚಬೇಕು, ಆದರೆ ತಲೆಯಿಂದ ಕಾಲ್ಬೆರಳಿನ ತನಕ ಎಲ್ಲಿ ಬೇಕಾದರೂ. ಸೇಬರ್‌ನಲ್ಲಿ ಅಲಗಿನ ಅಂಚಿನಿಂದಲೂ ಹೊಡೆಯಬಹುದು, ಸೊಂಟದ ಮೇಲೆ ಮಾತ್ರ. ಫಾಯಿಲ್, ಎಪೀಗಳ ತುದಿಯಲ್ಲಿ ಸ್ಪ್ರಿಂಗ್ ಇರುವ ಪುಟ್ಟ ಗುಂಡಿಯಿದೆ. ಅದು ಒತ್ತಿಕೊಂಡಾಗ ದೀಪ ಹೊತ್ತುತ್ತದೆ. ಸುಮ್ಮನೆ ಸವರಿದರೆ ಹೊತ್ತಬಾರದಲ್ಲ, ಅದಕ್ಕೇ ಪಂದ್ಯಕ್ಕೆ ಮೊದಲು ತೀರ್ಪುಗಾರರು ಕತ್ತಿಯನ್ನು ನೆಟ್ಟಗೆ ಹಿಡಿಸಿ ತುದಿಯ ಮೇಲೆ ತೂಕದ ಕಲ್ಲು ಇಡುತ್ತಾರೆ. ಫಾಯಿಲ್‌ಗೆ 500 ಗ್ರಾಂ, ಎಪೀಗೆ 750. ಆ ಕಲ್ಲನ್ನು ಸ್ಪ್ರಿಂಗ್ ಎತ್ತಿ ಹಿಡಿದರೆ ಆಯುಧ ಪಾಸು. ಮೊದಮೊದಲು ನನಗೆ ಆಟಕ್ಕಿಂತ ಈ ಪುಟ್ಟ ಪರೀಕ್ಷೆಯೇ ಹೆಚ್ಚು ಇಷ್ಟವಾಗುತ್ತಿತ್ತು.

ಗೊಂದಲ ಹುಟ್ಟುವುದು ಇಬ್ಬರ ದೀಪವೂ ಹೊತ್ತಿದಾಗ. ಎಪೀಯಲ್ಲಿ ಉತ್ತರ ಸರಳ: ಸೆಕೆಂಡಿನ ಇಪ್ಪತ್ತೈದನೇ ಒಂದು ಪಾಲಿನೊಳಗೆ ಇಬ್ಬರೂ ತಾಗಿಸಿದ್ದರೆ ಇಬ್ಬರಿಗೂ ಅಂಕ, ಇಲ್ಲವಾದರೆ ಮೊದಲು ತಾಗಿಸಿದವರಿಗೆ. ಫಾಯಿಲ್, ಸೇಬರ್‌ಗಳಲ್ಲಿ ಅಂಕ ಒಬ್ಬರಿಗೇ. ಯಾರಿಗೆ ಎಂಬುದನ್ನು ‘ರೈಟ್ ಆಫ್ ವೇ’ ಎಂಬ ನಿಯಮ ಹೇಳುತ್ತದೆ. ದಾಳಿ ಮೊದಲು ಆರಂಭಿಸಿದವರದ್ದು ಹಕ್ಕು, ಎದುರಾಳಿ ಮೊದಲು ಅದನ್ನು ತಡೆಯಬೇಕು, ತಡೆದರೆ ಹಕ್ಕು ಅವರ ಕಡೆ ಬರುತ್ತದೆ, ಅವರ ಮರುಹೊಡೆತವನ್ನು ಇವರು ತಡೆಯಬೇಕು. ತಡೆಯುವ ಗೋಜಿಗೇ ಹೋಗದೆ ತಾನೂ ಚುಚ್ಚಿದವರಿಗೆ ಅಂಕವಿಲ್ಲ.

ಈ ನಿಯಮದ ಹಿಂದೆ ಪ್ರಾಣದ ಲೆಕ್ಕವಿದೆ. ಫಾಯಿಲ್ ಹುಟ್ಟಿದ್ದು ಯುರೋಪಿನಲ್ಲಿ ದ್ವಂದ್ವಯುದ್ಧದ ತಾಲೀಮಿಗೆ. ನಿಜವಾದ ಕತ್ತಿ ನಿಮ್ಮ ಎದೆಯತ್ತ ಬರುತ್ತಿರುವಾಗ ಅದನ್ನು ತಡೆಯದೆ ನೀವೂ ಚುಚ್ಚಿದರೆ ಇಬ್ಬರೂ ಸಾಯುತ್ತೀರಿ. ಆ ಬುದ್ಧಿಗೇಡಿ ಅಭ್ಯಾಸ ಶಿಷ್ಯರಿಗೆ ಅಂಟದಿರಲೆಂದು ಗುರುಗಳು ಕಟ್ಟಿದ ಶಿಸ್ತು ಇದು. ಫ್ರಾನ್ಸಿನ ಮೋಲಿಯೇರ್ 1670ರಲ್ಲಿ ಆಡಿಸಿದ ‘ಲ ಬೂರ್ಜ್ವಾ ಜಾಂಟಿಯೋಮ್’ ನಾಟಕದಲ್ಲಿ ನಿಮ್ಮಂತೆಯೇ ನಡುವಯಸ್ಸಿನಲ್ಲಿ ಕತ್ತಿವರಸೆ ಕಲಿಯಲು ಹೊರಟ ಸಿರಿವಂತ ಮೊಸ್ಯೆ ಜೂರ್ದ್ಯಾಂ ಬರುತ್ತಾನೆ. ಕಲಿತದ್ದನ್ನು ಮನೆಯ ಕೆಲಸದಾಕೆ ನಿಕೋಲಳ ಎದುರು ತೋರಿಸಲು ಹೋದರೆ, ಅವಳು ವರಸೆಯ ಕ್ರಮವನ್ನೆಲ್ಲ ಬದಿಗಿಟ್ಟು, ಅವನು ತಡೆಯುವವರೆಗೂ ಕಾಯದೆ ತಿವಿದೇ ಬಿಡುತ್ತಾಳೆ. ಕ್ರಮವೇನೆಂದು ಅವಳಿಗೆ ತಿಳಿಹೇಳಲು ಹೊರಡುತ್ತಾನೆ ಜೂರ್ದ್ಯಾಂ. ರೈಟ್ ಆಫ್ ವೇ ಕುರಿತು ಇವತ್ತಿಗೂ ನಡೆಯುವ ಜಗಳವೆಲ್ಲ ಆ ಒಂದು ದೃಶ್ಯದಲ್ಲೇ ಇದೆ. ಫಾಯಿಲ್‌ನ ಕಟ್ಟುಪಾಡು ಜಾಸ್ತಿಯಾಯಿತು, ನಿಜವಾದ ದ್ವಂದ್ವದಲ್ಲಿ ಹೀಗೆಲ್ಲ ನಡೆಯುವುದಿಲ್ಲ ಎಂದವರಿಂದಲೇ 19ನೇ ಶತಮಾನದಲ್ಲಿ ಎಪೀ ಬೆಳೆಯಿತು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನ ಪುರುಷರ ಫಾಯಿಲ್ ಫೈನಲ್ ಸಿಕ್ಕರೆ ನೋಡಿ. ಗ್ರಾಂ ಪಲೇ ಎಂಬ ಗಾಜಿನ ಚಾವಣಿಯ ಭವನದಲ್ಲಿ ನಡೆದದ್ದು. ಹಾಂಗ್‌ಕಾಂಗ್‌ನ ಚೆಯುಂಗ್ ಕಾ ಲಾಂಗ್, ಇಟಲಿಯ ಫಿಲಿಪ್ಪೊ ಮಾಕ್ಕಿ 14–14ರಲ್ಲಿ ನಿಂತರು. ಇಬ್ಬರ ದೀಪವೂ ಹೊತ್ತುತ್ತದೆ, ದಾಳಿ ಯಾರದ್ದೆಂದು ಹೇಳಲಾಗದೆ ತೀರ್ಪುಗಾರರು ಒಂದಕ್ಕಿಂತ ಹೆಚ್ಚು ಬಾರಿ ಮತ್ತೆ ಆಡಿಸುತ್ತಾರೆ. ಕೊನೆಗೆ ಅಂಕ ಚೆಯುಂಗ್‌ಗೆ, ಚಿನ್ನವೂ ಅವರಿಗೇ. ಇಟಲಿಯವರು ಪ್ರತಿಭಟಿಸಿದರು. ಆ ಕೊನೆಯ ನಿಮಿಷಗಳನ್ನು ನಿಧಾನಗತಿಯಲ್ಲಿ ನೋಡುತ್ತ, ತೋಳು ಯಾರದ್ದು ಮೊದಲು ನೀಳವಾಯಿತು, ಯಾರು ಅರೆಕ್ಷಣ ತಡೆದರು ಎಂದು ನೀವೇ ತೀರ್ಪು ಕೊಟ್ಟುಕೊಳ್ಳಿ. ಪುಸ್ತಕ ಓದಿ ಕಲಿಯುವುದಕ್ಕಿಂತ ಬೇಗ ನಿಯಮ ತಲೆಗೆ ಹತ್ತುತ್ತದೆ.

ನೋಡುವ ಬಗೆಗೆ ನನ್ನದೊಂದು ಸಲಹೆ: ಎಪೀಯಿಂದ ಶುರು ಮಾಡಿ, ಕತ್ತಿ ನೋಡಬೇಡಿ, ಕಾಲು ನೋಡಿ. ಅಲಗಿನ ಓಟವನ್ನು ಹಿಡಿಯುವುದು ಬರಿಗಣ್ಣಿಗೆ ಆಗದ ಕೆಲಸ. ಕಾಲು ಸುಳ್ಳು ಹೇಳುವುದು ಕಡಿಮೆ. ಯಾರು ಯಾರನ್ನು ಹಿಂದಕ್ಕೆ ದೂಡುತ್ತಿದ್ದಾರೆ, ಯಾರು ಬೇಕೆಂದೇ ಹಿಂದೆ ಸರಿಯುತ್ತಿದ್ದಾರೆ ಎಂಬುದು ಕಂಡಿತೆಂದರೆ ದೀಪ ಹೊತ್ತುವ ಮೊದಲೇ ನಿಮಗೆ ಸುಳಿವು ಸಿಗುತ್ತದೆ.

ಆಮೇಲೆ ಸೇಬರ್‌ಗೆ ಬನ್ನಿ. ನಮ್ಮ ಪಕ್ಕದ ಚೆನ್ನೈನ ಭವಾನಿ ದೇವಿಯ ಪಂದ್ಯಗಳು ಅದಕ್ಕೆ ಒಳ್ಳೆಯ ಬಾಗಿಲು. ಶಾಲೆಯಲ್ಲಿ ಬಿದಿರಿನ ಕೋಲು ಹಿಡಿದು ಅಭ್ಯಾಸ ಮಾಡಿದ ಹುಡುಗಿ, ತಲಶ್ಶೇರಿಯ ಕ್ರೀಡಾ ಪ್ರಾಧಿಕಾರದ ಕೇಂದ್ರದಲ್ಲಿ ಬೆಳೆದು, ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಪಡೆದಳು. ಫೆನ್ಸಿಂಗ್‌ನಲ್ಲಿ ಒಲಿಂಪಿಕ್ಸ್ ಮುಟ್ಟಿದ ಮೊದಲ ಭಾರತೀಯಳು ಅವಳೇ. ಅಲ್ಲಿ ಮೊದಲ ಪಂದ್ಯವನ್ನು ಟುನೀಶಿಯಾದ ನಾದಿಯಾ ಬೆನ್ ಅಜೀಜಿ ವಿರುದ್ಧ 15–3ರಿಂದ ಗೆದ್ದಳು. 2023ರ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಜಪಾನಿನ ವಿಶ್ವ ಚಾಂಪಿಯನ್ ಮಿಸಾಕಿ ಎಮುರಾಳನ್ನು ಕ್ವಾರ್ಟರ್‌ಫೈನಲ್‌ನಲ್ಲಿ 15–10ರಿಂದ ಸೋಲಿಸಿ ಕಂಚು ತಂದಳು. ಆ ಎರಡನೆಯದನ್ನು ನೆನೆದರೆ ನನಗೆ ಈಗಲೂ ಎದೆಯುಬ್ಬುತ್ತದೆ.

ನೀವು ಯಾವುದನ್ನು ಕಲಿಯಬೇಕು? ಸಿನಿಮಾಪ್ರೇಮಿಯ ಕೈ ತಾನಾಗಿ ಸೇಬರ್ ಕಡೆ ಹೋಗುತ್ತದೆ, ಬೀಸುವ ಆಯುಧ ಅದೊಂದೇ ಆದ್ದರಿಂದ. ಆದರೆ ಸೇಬರ್‌ನ ಒಂದೊಂದು ಅಂಕ ಎರಡು ಮೂರು ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ, ಆ ಚಿಮ್ಮು ನಡುವಯಸ್ಸಿನ ಹಿಮ್ಮಡಿಗೆ ಭಾರ. ನಾನಾದರೆ ಎಪೀ ಎನ್ನುತ್ತೇನೆ. ಅಲ್ಲಿ ತಾಳ್ಮೆಗೆ ಬೆಲೆಯಿದೆ. ಎದುರಾಳಿಯ ಮಣಿಕಟ್ಟನ್ನೇ ಹೊಂಚುಹಾಕಿ, ಮೂರು ನಿಮಿಷದ ಆಟದಲ್ಲಿ ಎರಡು ನಿಮಿಷ ಕಾದು, ಒಂದು ಸಲ ಚುಚ್ಚಿ ಗೆಲ್ಲಬಹುದು. ಆದರೂ ನಿಮ್ಮ ಊರಿನ ಕೋಚ್‌ಗೆ ಚೆನ್ನಾಗಿ ಬರುವುದು ಫಾಯಿಲ್ ಎಂದಾದರೆ ಫಾಯಿಲನ್ನೇ ಕಲಿಯಿರಿ. ಆಯುಧಕ್ಕಿಂತ ಗುರು ಮುಖ್ಯ. ಕಳರಿಪಯಟ್ಟಿನ ವಾಳು, ಮಣಿಪುರದ ತಾಂಗ್-ತಾ ಇವೆಲ್ಲ ಬೇರೆಯೇ ಹಾದಿ, ಮೈ ಪಳಗಿಸುವ ದೊಡ್ಡ ವಿದ್ಯೆಗಳು. ಎದುರಾಳಿಯ ಜೊತೆ ವಾರವಾರವೂ ಸೆಣಸಿ ನೋಡುವ ಆಸೆಯಿದ್ದರೆ ಮಾತ್ರ ಫೆನ್ಸಿಂಗ್ ಹೆಚ್ಚು ಹೊಂದುತ್ತದೆ.

ಮನೆಯವರು ಅಪಾಯವೆಂದು ಹೆದರಿದರೆ ಅವರಿಗೆ ಇದನ್ನು ಹೇಳಿ. 1982ರಲ್ಲಿ ರೋಮ್‌ನ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಸೋವಿಯತ್ ಒಕ್ಕೂಟದ ವ್ಲಾದಿಮಿರ್ ಸ್ಮಿರ್ನೋವ್ ಆಡುತ್ತಿದ್ದಾಗ ಎದುರಾಳಿಯ ಅಲಗು ಮುರಿದು, ಅದರ ತುಂಡು ಮಾಸ್ಕಿನ ಜಾಲರಿ ಸೀಳಿಕೊಂಡು ಹೋಯಿತು. ಎರಡು ವರ್ಷದ ಹಿಂದಷ್ಟೇ ಮಾಸ್ಕೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದಿದ್ದ ಆಟಗಾರ ತೀರಿಕೊಂಡರು. ಆ ಸಾವಿನ ನಂತರ ಮಾಸ್ಕು, ಉಡುಪು, ಅಲಗಿನ ಉಕ್ಕು ಎಲ್ಲಕ್ಕೂ ಕಟ್ಟುನಿಟ್ಟು ಬಂತು. ಇವತ್ತು ದೊಡ್ಡ ಪಂದ್ಯಗಳ ಉಡುಪು 800 ನ್ಯೂಟನ್ ಬಲ ತಾಳುವ ಬಟ್ಟೆಯದ್ದು. ಕಲಿಯುವವರಿಗೆ ಸಿಗುವುದು ನೀಲಿ ಗೀರು, ಉಳುಕು. ಅಷ್ಟಾದರೂ ನಿಯಮವೊಂದನ್ನು ಎಂದೂ ಮುರಿಯಬೇಡಿ: ಎದುರಿಗಿರುವವರು ಮಾಸ್ಕ್ ಹಾಕಿಲ್ಲವೆಂದರೆ ನಿಮ್ಮ ಮೊನೆ ನೆಲ ನೋಡುತ್ತಿರಲಿ, ತಮಾಷೆಗೂ ಮೇಲೇಳದಿರಲಿ.

ಹೈಸ್ಕೂಲು ಮಕ್ಕಳ ಜೊತೆ ಆಡುವುದು ಹೇಗೆಂಬ ಅಳುಕು ನಿಮ್ಮ ಕಾಗದದಲ್ಲಿ ಕಾಣುತ್ತಿದೆ. ಮೊದಲ ವರ್ಷ ಅವರು ನಿಮ್ಮನ್ನು ಸೋಲಿಸುತ್ತಾರೆ, ಸಲೀಸಾಗಿ. ಸೋಲಿಸಿದ ಮೇಲೆ ಮಾಸ್ಕ್ ತೆಗೆದು, ಕತ್ತಿಯೆತ್ತಿ ವಂದಿಸಿ, ಕೈ ಕುಲುಕಿ, “ಅಂಕಲ್, ಪ್ಯಾರಿ ಮಾಡೋವಾಗ ನಿಮ್ಮ ಕೈ ತುಂಬಾ ದೂರ ಹೋಗ್ತಿದೆ” ಎಂದು ತಿದ್ದಿಯೂ ಕೊಡುತ್ತಾರೆ. ವಂದನೆ ಇಲ್ಲಿ ನಿಯಮದಲ್ಲೇ ಇದೆ, ಬಿಟ್ಟರೆ ಶಿಕ್ಷೆಯಾಗುತ್ತದೆ. ಮಾಸ್ಕ್ ಮುಚ್ಚಿದ ಮೇಲೆ ವಯಸ್ಸು, ಹುದ್ದೆ, ಸಂಬಳ ಯಾವುದೂ ಕಾಣುವುದಿಲ್ಲ. ಮಕ್ಕಳ ಕೈಯಲ್ಲಿ ಕಲಿಯುವ ಅವಕಾಶ ದೊಡ್ಡವರಿಗೆ ಬೇರೆಲ್ಲಿ ಇಷ್ಟು ಸಹಜವಾಗಿ ಸಿಗುತ್ತದೆ, ನನಗೆ ತಿಳಿಯದು. ಒಂದು ದಿನ ಅದೇ ಹುಡುಗ ನಿಮ್ಮ ಸುಳ್ಳು ಚಾಚನ್ನು ನಂಬಿ ತಡೆಯಲು ಬಂದು, ನಿಮ್ಮ ಮೊನೆ ಕೆಳಗಿಂದ ಸುತ್ತಿ ಎದೆಗೆ ತಾಗಿದಾಗ, ನಿಮಗಿಂತ ಹೆಚ್ಚು ಅವನೇ ಕುಣಿಯುತ್ತಾನೆ.

ಕೊನೆಗೆ, ನೀವು ಎಡಚರೆಂದಿರಿ. ಸಂತೋಷದ ಸುದ್ದಿ. ಹೆಚ್ಚಿನವರ ತಾಲೀಮೆಲ್ಲ ಬಲಗೈಯವರ ವಿರುದ್ಧವೇ ನಡೆದಿರುತ್ತದೆ, ಎಡಗೈಯವರು ಎದುರಾದರೆ ಅವರ ಕೋನಗಳೆಲ್ಲ ತಲೆಕೆಳಗಾಗುತ್ತವೆ. ಈ ಆಟದ ಮೇಲ್ಪಂಕ್ತಿಯಲ್ಲಿ ಎಡಗೈಯವರು ಅಷ್ಟು ಜನ ಇರುವುದಕ್ಕೆ ಅದೂ ಒಂದು ಕಾರಣ. ಕ್ಲಬ್ಬಿನ ಎರವಲು ಸಾಮಾನಿನಲ್ಲಿ ಮಾತ್ರ ನಿಮಗೆ ಹೊಂದುವಂಥದ್ದು ಕಡಿಮೆ ಇರುತ್ತದೆ. ಬೆರಳಿನ ಅಚ್ಚಿರುವ ಪಿಸ್ತೂಲು ಹಿಡಿಯ ಕತ್ತಿ ಎಡಗೈಗೆ ಬೇರೆಯೇ ಬರುತ್ತದೆ, ಬಲಗೈಯದ್ದನ್ನು ಹಿಡಿದು ಅಭ್ಯಾಸ ಮಾಡಬೇಡಿ. ಜಾಕೆಟ್ಟಿನ ಜಿಪ್ ಕತ್ತಿ ಹಿಡಿಯುವ ಕೈಯ ಎದುರು ಮಗ್ಗುಲಿಗೆ ಇರಬೇಕು, ಇಲ್ಲವಾದರೆ ಎದುರಾಳಿಯ ಮೊನೆ ಅದರ ಸಂದಿಗೆ ಸಿಕ್ಕಿಕೊಳ್ಳಬಹುದು. ನಿಮಗಾದರೆ ಅದು ಬಲಮಗ್ಗುಲು. ಮೊದಲ ದಿನವೇ ಎಲ್ಲ ಕೊಳ್ಳಬೇಕಾಗಿಲ್ಲ. ಎಡಗೈಯ ಗ್ಲೌಸೊಂದನ್ನು ಕೊಂಡು, ನೆಲಕ್ಕೆ ಅಂಟುವ ಸಪಾಟು ಅಡಿಯ ಬೂಟು ಹಾಕಿಕೊಂಡು ಹೋಗಿ. ಉಳಿದದ್ದನ್ನು ತಿಂಗಳೆರಡು ತಿಂಗಳು ಕಳೆದ ಮೇಲೆ, ಕೋಚ್‌ರನ್ನು ಕೇಳಿ ಒಂದೊಂದಾಗಿ ತೆಗೆದುಕೊಂಡರಾಯಿತು.